ಹೂಳಿನಲ್ಲಿ ಹುದುಗಿದ ಇತಿಹಾಸ: ಸರೋವರಗಳ ತಳಮಣ್ಣು ಹೇಳುವ ಪರಿಸರ ಚರಿತ್ರೆ

ಕನ್ನಡದಲ್ಲಿ 'ಹೂಳು' ಎಂಬ ಮಾತು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಮಣ್ಣಿನಲ್ಲಿ ಮುಚ್ಚುವ ಕೆಲಸ ಹೂಳುವುದು. ಕೆರೆಯ ತಳಕ್ಕೆ ಬಂದು ನಿಲ್ಲುವ ಮಣ್ಣು ಹೂಳು. ಕೆರೆ ಕಟ್ಟಿ ಬದುಕಿದ ನಮ್ಮ ನಾಡು ಹೂಳನ್ನು ಬಹುಮಟ್ಟಿಗೆ ಒಂದು ತೊಡಕೆಂದೇ ಕಂಡಿದೆ. ಕೆರೆಯ ದುರಸ್ತಿಗೆಂದು ಬಿಟ್ಟ ದತ್ತಿಗಳೂ, ಹೂಳು ಸಾಗಿಸುವ ಬಂಡಿಗಳ ನಿರ್ವಹಣೆಗೆಂದು ಕೊಟ್ಟ ಭೂಮಿಯೂ ಶಾಸನಗಳಲ್ಲಿ ಉಲ್ಲೇಖಗೊಂಡಿವೆ. ಬೇಸಗೆಯಲ್ಲಿ ನೀರು ಇಂಗಿದ ಮೇಲೆ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ವಾಡಿಕೆ ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿದೆ. ಹೀಗೆ ಹೂಳೆಂದರೆ ತೆಗೆಯಬೇಕಾದ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕಳೆದ ಸುಮಾರು ನೂರು ವರ್ಷಗಳಲ್ಲಿ ವಿಜ್ಞಾನಿಗಳು ಹೂಳನ್ನು ಇನ್ನೊಂದು ಕಣ್ಣಿನಿಂದ ನೋಡತೊಡಗಿದ್ದಾರೆ. ಅವರ ದೃಷ್ಟಿಯಲ್ಲಿ ಹೂಳು ಓದಬೇಕಾದ ವಸ್ತುವೂ ಹೌದು.

ಸರೋವರಗಳ ತಳದ ನಿಕ್ಷೇಪಗಳಿಂದ ಹಿಂದಿನ ಕಾಲದ ಹವಾಮಾನ, ಸಸ್ಯಸಂಪತ್ತು, ಜನವಸತಿ ಮತ್ತು ಮಾಲಿನ್ಯಗಳನ್ನು ತಿಳಿಯುವ ಈ ಶಾಸ್ತ್ರವನ್ನು ಪ್ರಾಚೀನ ಸರೋವರ ವಿಜ್ಞಾನ ಎಂದು ಕರೆಯಬಹುದು. ಶಾಸನಶಾಸ್ತ್ರ, ಗ್ರಂಥಸಂಪಾದನೆಗಳಲ್ಲಿ ಪಳಗಿದ ಕನ್ನಡದ ವಿದ್ವಾಂಸರಿಗೆ ಈ ಶಾಸ್ತ್ರದ ವಿಧಾನಗಳು ಅಪರಿಚಿತವೆನಿಸಲಾರವು. ಅಲ್ಲಿಯೂ ಕಾಲನಿರ್ಣಯದ ಪ್ರಶ್ನೆಯಿದೆ, ಪಾಠಾಂತರಗಳಿವೆ, ಪ್ರಕ್ಷಿಪ್ತಗಳಿವೆ, ಅಳಿಸಿಹೋದ ಸಾಲುಗಳಿವೆ. ಈ ದಾಖಲೆ ಹೇಗೆ ರೂಪುಗೊಳ್ಳುತ್ತದೆ, ಅದನ್ನು ಹೇಗೆ ಓದುತ್ತಾರೆ, ಅದರಿಂದ ಯಾವ ವಿವಾದಗಳು ತೀರ್ಮಾನವಾಗಿವೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೂಳು ದಾಖಲೆಯಾಗುವ ಬಗೆ

ಸರೋವರದ ತಳಕ್ಕೆ ಮೂರು ದಿಕ್ಕುಗಳಿಂದ ವಸ್ತುಗಳು ಬಂದು ಸೇರುತ್ತವೆ. ಸುತ್ತಣ ಜಲಾನಯನ ಪ್ರದೇಶದಿಂದ ಮಳೆಯ ನೀರು ಹೊತ್ತು ತರುವ ಮಣ್ಣು, ಮರಳು, ಎಲೆ, ಇದ್ದಿಲಿನ ಚೂರು ಮೊದಲನೆಯದು. ಸರೋವರದಲ್ಲಿಯೇ ಹುಟ್ಟಿ ಸತ್ತ ಪಾಚಿ, ಹುಳು, ಚಿಪ್ಪುಪ್ರಾಣಿಗಳ ಅವಶೇಷಗಳು ಎರಡನೆಯದು. ಗಾಳಿಯಲ್ಲಿ ತೇಲಿಬಂದು ನೀರಿಗೆ ಬೀಳುವ ಪರಾಗ, ಧೂಳು, ಮಸಿ ಮತ್ತು ಲೋಹದ ಕಣಗಳು ಮೂರನೆಯದು. ಇವೆಲ್ಲ ವರ್ಷದಿಂದ ವರ್ಷಕ್ಕೆ ಒಂದರ ಮೇಲೊಂದು ಕೂತುಕೊಳ್ಳುತ್ತವೆ. ತಳವನ್ನು ಯಾರೂ ಕಲಕದಿದ್ದರೆ ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ಬೆಟ್ಟಪ್ರದೇಶದ ಶಾಂತ ಸರೋವರಗಳಲ್ಲಿ ಈ ಶೇಖರಣೆ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುವುದುಂಟು. ಅಂಥಲ್ಲಿ ಒಂದು ಮೀಟರ್ ಹೂಳೆಂದರೆ ಸುಮಾರು ಸಾವಿರ ವರ್ಷಗಳ ಚರಿತ್ರೆ. ಒಕ್ಕಲುತನ, ಕಟ್ಟಡ ಕಾಮಗಾರಿಗಳು ಹೆಚ್ಚಿರುವ ಕಡೆ ಇಷ್ಟೇ ಹೂಳು ಕೆಲವು ದಶಕಗಳಲ್ಲಿ ತುಂಬಬಹುದು.

ಕೆಲವು ಸರೋವರಗಳಲ್ಲಿ ಪದರಗಳು ಕಣ್ಣಿಗೆ ಕಾಣುವಷ್ಟು ಸ್ಫುಟವಾಗಿರುತ್ತವೆ. ಕೆನಡಾ ದೇಶದ ಆಂಟೇರಿಯೊ ಪ್ರಾಂತದ ಕ್ರಾಫರ್ಡ್ ಸರೋವರ ಇದಕ್ಕೆ ಪ್ರಸಿದ್ಧ ಉದಾಹರಣೆ. ವಿಸ್ತಾರದಲ್ಲಿ ಅದು ಎರಡೂವರೆ ಹೆಕ್ಟೇರಿಗಿಂತ ಕಡಿಮೆ. ಆಳವಾದರೋ ಇಪ್ಪತ್ತು ಮೀಟರುಗಳಿಗೂ ಹೆಚ್ಚು. ಅದರ ತಳದ ನೀರು ಮೇಲಿನ ನೀರಿನೊಡನೆ ಬೆರೆಯುವುದಿಲ್ಲವಾದುದರಿಂದ ತಳವನ್ನು ಕಲಕುವ ಚಟುವಟಿಕೆ ಅಲ್ಲಿ ತೀರ ಕಡಿಮೆ. ಬೇಸಗೆಯಲ್ಲಿ ಸುಣ್ಣದ ಕಣಗಳ ಬಿಳಿಯ ಪದರ, ಉಳಿದ ಕಾಲದಲ್ಲಿ ಜೈವಿಕ ಅವಶೇಷಗಳ ಕಪ್ಪು ಪದರ, ಹೀಗೆ ವರ್ಷಕ್ಕೊಂದು ಜೋಡಿ ಏರ್ಪಡುತ್ತದೆ. ಮರದ ಕಾಂಡದ ಉಂಗುರಗಳನ್ನು ಎಣಿಸಿದಂತೆ ಇವುಗಳನ್ನು ಎಣಿಸಬಹುದು. 1970ರ ದಶಕದ ಆರಂಭದಲ್ಲಿ ಈ ಪದರಗಳಲ್ಲಿ ಮೆಕ್ಕೆಜೋಳದ ಪರಾಗ ದೊರೆಯಿತು. ಮೆಕ್ಕೆಜೋಳ ಮನುಷ್ಯನು ಬಿತ್ತದೆ ಬೆಳೆಯುವ ಸಸ್ಯವಲ್ಲ. ಆದುದರಿಂದ ಸಮೀಪದಲ್ಲಿ ಊರೊಂದು ಇದ್ದಿರಲೇಬೇಕೆಂದು ತರ್ಕಿಸಿ ಹುಡುಕಿದಾಗ ಮೂಲನಿವಾಸಿಗಳ ಗ್ರಾಮದ ನೆಲೆಯೇ ಪತ್ತೆಯಾಯಿತು. ಬರವಣಿಗೆಯನ್ನು ಬಿಟ್ಟುಹೋಗದ ಜನರ ಬದುಕಿಗೆ ಹೂಳು ಸಾಕ್ಷಿ ನುಡಿದ ಪ್ರಸಂಗವಿದು.

ಇಂಥ ಹೂಳನ್ನು ಪದರ ಕೆಡದಂತೆ ಮೇಲೆತ್ತುವುದೇ ಒಂದು ಕೌಶಲ. ಉದ್ದನೆಯ ಕೊಳವೆಯನ್ನು ತಳಕ್ಕೆ ನೆಟ್ಟಗೆ ಇಳಿಸಿ ಮಣ್ಣಿನ ಕಂಬವನ್ನು ಹೊರತೆಗೆಯುವುದು ಸಾಮಾನ್ಯ ಕ್ರಮ. ಮೇಲ್ಪದರ ಗಂಜಿಯಂತೆ ತೆಳುವಾಗಿದ್ದರೆ, ಘನೀಕರಿಸಿದ ಇಂಗಾಲದ ಡೈಆಕ್ಸೈಡನ್ನು ತುಂಬಿದ ಲೋಹದ ಪೆಟ್ಟಿಗೆಯನ್ನು ಕೆಸರಿನೊಳಗೆ ಇಳಿಸುತ್ತಾರೆ. ಅದರ ಹೊರಮೈಗೆ ಹೂಳು ಪದರಪದರವಾಗಿ ಹೆಪ್ಪುಗಟ್ಟಿ ಅಂಟಿಕೊಂಡು ಬರುತ್ತದೆ.

2. ಕಾಲನಿರ್ಣಯದ ಸಾಧನಗಳು

ಪದರಗಳನ್ನು ಎಣಿಸಿ ಕಾಲವನ್ನು ಗಣಿಸುವ ವಿಧಾನವನ್ನು ಶಾಸ್ತ್ರೀಯವಾಗಿ ಬೆಳೆಸಿದವನು ಸ್ವೀಡನ್ನಿನ ಭೂವಿಜ್ಞಾನಿ ಗೆರಾರ್ಡ್ ಡೆ ಗೇರ್. ಅದೇ ದೇಶದ ಲೆನ್ನಾರ್ಟ್ ಫಾನ್ ಪೋಸ್ಟ್ 1916ರಲ್ಲಿ, ಪದರಗಳಲ್ಲಿ ಉಳಿದ ಪರಾಗಕಣಗಳನ್ನು ಎಣಿಸಿ ಹಿಂದಿನ ಕಾಡುಗಳ ಸ್ವರೂಪವನ್ನು ತಿಳಿಯುವ ಕ್ರಮವನ್ನು ವಿದ್ವಾಂಸರ ಮುಂದಿಟ್ಟನು. ಆದರೆ ಎಲ್ಲ ಸರೋವರಗಳಲ್ಲಿಯೂ ಎಣಿಸಬಹುದಾದ ಪದರಗಳಿರುವುದಿಲ್ಲ. ಅಂಥಲ್ಲಿ ವಿಕಿರಣಶೀಲ ಧಾತುಗಳು ನೆರವಿಗೆ ಬರುತ್ತವೆ.

ಸಾವಿರಾರು ವರ್ಷಗಳ ಹಿಂದಿನ ಪದರಗಳಿಗೆ ಇಂಗಾಲ-14 ಉಪಯುಕ್ತ. ಅದರ ಅರ್ಧಾಯು 5730 ವರ್ಷ. ಇತ್ತೀಚಿನ ನೂರು ನೂರೈವತ್ತು ವರ್ಷಗಳ ಮಾಲಿನ್ಯವನ್ನು ಅರಿಯಲು ಇದು ಸಾಲದು. ಅದಕ್ಕೆ ಸೀಸ-210 ಬೇಕು. ಭೂಮಿಯಿಂದ ಹೊರಹೊಮ್ಮುವ ರೇಡಾನ್ ಅನಿಲವು ಗಾಳಿಯಲ್ಲಿ ಕ್ಷಯಿಸಿ ಸೀಸ-210 ಆಗಿ ಮಾರ್ಪಟ್ಟು ಮಳೆಯೊಡನೆ ಸರೋವರಕ್ಕೆ ಬೀಳುತ್ತದೆ. ಅದರ ಅರ್ಧಾಯು ಸುಮಾರು 22 ವರ್ಷ. ಗಾಳಿಯಿಂದ ಬಂದ ಸೀಸ-210 ಮೇಲ್ಪದರದಲ್ಲಿರುವ ಪ್ರಮಾಣದ ಅರ್ಧಕ್ಕೆ ಇಳಿದಿರುವ ಪದರವು, ಹೂಳು ಸಮನಾಗಿ ಕೂತಿದ್ದರೆ, ಸುಮಾರು 22 ವರ್ಷ ಹಳೆಯದು. ಕಾಲು ಭಾಗಕ್ಕೆ ಇಳಿದಿದ್ದರೆ 44 ವರ್ಷ.

ಈ ಗಣಿತವನ್ನು ತಾಳೆನೋಡಲು ಇನ್ನೊಂದು ಗುರುತಿದೆ. 1950ರ ದಶಕದಿಂದ ನಡೆದ ಅಣ್ವಸ್ತ್ರ ಪರೀಕ್ಷೆಗಳು ಸೀಸಿಯಂ-137 ಎಂಬ ಧಾತುವನ್ನು ವಾತಾವರಣಕ್ಕೆ ಚೆಲ್ಲಿದವು. (ಸೀಸಕ್ಕೂ ಸೀಸಿಯಂಗೂ ಹೆಸರಿನ ಸಾಮ್ಯ ಆಕಸ್ಮಿಕ, ಇವು ಬೇರೆ ಬೇರೆ ಧಾತುಗಳು.) 1963ರಲ್ಲಿ ವಾತಾವರಣದಲ್ಲಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು, ಉತ್ತರಾರ್ಧಗೋಳದ ಹೂಳುಗಳಲ್ಲಿ ಸೀಸಿಯಂನ ಶಿಖರವೂ ಆ ವರ್ಷದ್ದೇ. ಯುರೋಪಿನ ಅನೇಕ ಸರೋವರಗಳಲ್ಲಿ 1986ರ ಚೆರ್ನೋಬಿಲ್ ದುರಂತದ ಎರಡನೆಯ ಶಿಖರವಿದೆ. ತೇದಿಯಿಲ್ಲದ ಶಾಸನದಲ್ಲಿ ಗ್ರಹಣವೊಂದರ ಉಲ್ಲೇಖ ಸಿಕ್ಕಿದಾಗ ಶಾಸನತಜ್ಞನಿಗೆ ಒದಗುವ ಅನುಕೂಲ ಇಲ್ಲಿ ಈ ಶಿಖರಗಳಿಂದ ಒದಗುತ್ತದೆ.

3. ಸ್ಕಾಟ್ಲೆಂಡಿನ ಒಂದು ವ್ಯಾಜ್ಯ

ಹೂಳಿನ ಸಾಕ್ಷ್ಯವು ಒಂದು ಅಂತರರಾಷ್ಟ್ರೀಯ ವಿವಾದವನ್ನು ಬಗೆಹರಿಸಲು ನೆರವಾದ ಪ್ರಸಂಗ ವಿಶೇಷವಾಗಿ ಗಮನಾರ್ಹವಾದುದು. 1960ರ ದಶಕದ ಹೊತ್ತಿಗೆ ಸ್ವೀಡನ್, ನಾರ್ವೆಗಳ ಅನೇಕ ಸರೋವರಗಳ ನೀರು ಆಮ್ಲವಾಗಿ ಮೀನುಗಳು ಅಳಿಯತೊಡಗಿದ್ದವು. ಬ್ರಿಟನ್ ಮತ್ತು ಮಧ್ಯ ಯುರೋಪಿನ ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕವೇ ಮಳೆಯೊಡನೆ ಆಮ್ಲವಾಗಿ ಸುರಿಯುತ್ತಿದೆಯೆಂದು ಸ್ವೀಡನ್ನಿನ ಸ್ವಾಂಟೆ ಓಡೆನ್ 1967ರಲ್ಲಿ ವಾದಿಸಿದನು. 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಸ್ವೀಡನ್ ಈ ದೂರನ್ನು ಲೋಕದ ಮುಂದಿಟ್ಟಿತು. ಇದನ್ನು ಒಪ್ಪದವರೂ ಇದ್ದರು. ಸರೋವರಗಳು ಸಾವಿರಾರು ವರ್ಷಗಳಿಂದ ಸಹಜವಾಗಿಯೇ ಆಮ್ಲವಾಗುತ್ತ ಬಂದಿವೆ ಎಂಬುದು ಒಂದು ವಾದ. ದನಕುರಿಗಳ ಮೇಯುವಿಕೆ ಕಡಿಮೆಯಾಗಿ ಪೊದೆಗಾಡು ಹಬ್ಬಿದ್ದರಿಂದ ಮಣ್ಣು ಆಮ್ಲವಾಗಿದೆ ಎಂಬುದು ನಾರ್ವೆಯ ರೋಸೆನ್‌ಕ್ವಿಸ್ಟ್ ಮೊದಲಾದವರ ವಾದ. ವಿದ್ಯುತ್ ಸ್ಥಾವರಗಳ ಹೊಗೆಯನ್ನು ಶುದ್ಧೀಕರಿಸಲು ತಗಲುವ ವೆಚ್ಚ ಅಪಾರವಾಗಿದ್ದುದರಿಂದ ಈ ವಾದಗಳು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯಲಿಲ್ಲ. ನೂರು ವರ್ಷಗಳ ಹಿಂದೆ ಆ ನೀರನ್ನು ಅಳೆದು ಬರೆದಿಟ್ಟವರು ಇರಲಿಲ್ಲವಾದುದರಿಂದ ವ್ಯಾಜ್ಯ ತೀರುವಂತೆಯೂ ಇರಲಿಲ್ಲ.

ಆಗ ಸಾಕ್ಷಿಗೆ ಬಂದುದು ಡಯಾಟಮ್ ಎಂಬ ಏಕಕೋಶ ಪಾಚಿ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಈ ಜೀವಿ ಸಿಲಿಕಾದಿಂದ, ಎಂದರೆ ಗಾಜಿನಂಥ ದ್ರವ್ಯದಿಂದ, ತನ್ನ ಕವಚವನ್ನು ಕಟ್ಟಿಕೊಳ್ಳುತ್ತದೆ. ಜೀವ ಹೋದರೂ ಕವಚ ಕೊಳೆಯದೆ ಹೂಳಿನಲ್ಲಿ ಉಳಿಯುತ್ತದೆ. ಒಂದೊಂದು ಪ್ರಭೇದದ ಕವಚದ ಮೇಲಿನ ಗೆರೆ, ಚುಕ್ಕಿಗಳ ವಿನ್ಯಾಸ ಬೇರೆ. ಒಂದೊಂದು ಪ್ರಭೇದ ಸಹಿಸುವ ಆಮ್ಲತೆಯ ಮಟ್ಟವೂ ಬೇರೆ. ಆದುದರಿಂದ ಒಂದು ಪದರದಲ್ಲಿ ಯಾವ ಪ್ರಭೇದಗಳು ಎಷ್ಟೆಷ್ಟು ಇವೆಯೆಂದು ಎಣಿಸಿದರೆ ಆ ಕಾಲದ ನೀರಿನ ರಸಸಾರವನ್ನು ಲೆಕ್ಕ ಹಾಕಬಹುದು.

ನೈಋತ್ಯ ಸ್ಕಾಟ್ಲೆಂಡಿನ ಗ್ಯಾಲೊವೇ ಪ್ರದೇಶದಲ್ಲಿ ಗ್ರಾನೈಟ್ ಬಂಡೆಗಳ ನಡುವೆ ರೌಂಡ್ ಲಾಕ್ ಆಫ್ ಗ್ಲೆನ್‌ಹೆಡ್ ಎಂಬ ಚಿಕ್ಕ ಸರೋವರವಿದೆ. ರಾಜರ್ ಫ್ಲವರ್ ಮತ್ತು ರಿಚರ್ಡ್ ಬ್ಯಾಟರ್‌ಬಿ ಎಂಬ ವಿಜ್ಞಾನಿಗಳು 1983ರಲ್ಲಿ ಈ ಸರೋವರದ ಹಾಗೂ ಅದರ ನೆರೆಯ ಇನ್ನೊಂದರ ಹೂಳಿನ ಅಧ್ಯಯನವನ್ನು ಪ್ರಕಟಿಸಿದರು. 19ನೆಯ ಶತಮಾನದ ನಡುಭಾಗದವರೆಗೆ ಇಲ್ಲಿನ ರಸಸಾರ 5.5ರ ಆಸುಪಾಸಿನಲ್ಲಿದ್ದು, ಬಳಿಕ 5ಕ್ಕಿಂತ ಕೆಳಕ್ಕೆ ಇಳಿದಿತ್ತು. ರಸಸಾರದ ಅಂಕ ಒಂದು ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿದಂತೆ ಎಂಬುದನ್ನು ನೆನೆದರೆ ಈ ಬದಲಾವಣೆಯ ಗಾತ್ರ ಅರಿವಾಗುತ್ತದೆ. ಹಳೆಯ ಪದರಗಳಲ್ಲಿ ಹೇರಳವಾಗಿದ್ದ, ತೀವ್ರ ಆಮ್ಲತೆಯನ್ನು ಸಹಿಸದ ಪ್ರಭೇದಗಳು ಕ್ಷೀಣಿಸಿ, ಅದನ್ನು ತಾಳಿಕೊಳ್ಳುವ ಪ್ರಭೇದಗಳು ಅವುಗಳ ಸ್ಥಾನಕ್ಕೆ ಬಂದಿದ್ದವು.

ಮುಂದೆ ಒಂದೊಂದೇ ವಾದವನ್ನು ಹೂಳಿನ ಮುಂದಿಟ್ಟು ಪರೀಕ್ಷಿಸಲಾಯಿತು. ಹಿಮಯುಗದ ಬಳಿಕದ ಸುಮಾರು ಹತ್ತು ಸಾವಿರ ವರ್ಷಗಳ ಹೂಳನ್ನು ನೋಡಿದಾಗ ಇತ್ತೀಚಿನ ಕುಸಿತದಂಥದು ಹಿಂದೆಂದೂ ಆಗಿರಲಿಲ್ಲ. ಆದುದರಿಂದ ಸಹಜ ಪರಿಣಾಮವೆಂಬ ವಾದ ನಿಲ್ಲಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಈ ಜಲಾನಯನದಲ್ಲಿ ಮರಗಳು ಅಳಿದು ಆಮ್ಲಗುಣದ ಜೌಗುಮಣ್ಣು ಹಬ್ಬಿದ್ದನ್ನು ಪರಾಗದ ದಾಖಲೆ ತೋರಿಸಿತು. ಆದರೆ ಆಗಲೂ ಸರೋವರ ಇಷ್ಟು ಆಮ್ಲವಾಗಿರಲಿಲ್ಲ. ಹೀಗಾಗಿ ಸಸ್ಯವರ್ಗದ ಬದಲಾವಣೆಯೇ ಕಾರಣವೆಂಬ ವಾದವೂ ಸಡಿಲವಾಯಿತು. ಉಳಿದುದು ಹೊಗೆಯ ವಾದ. ಆಮ್ಲತೆ ಏರಿದ ಪದರಗಳಲ್ಲಿಯೇ ಸೀಸ, ಸತುವುಗಳ ಪ್ರಮಾಣ ಏರಿತ್ತು. ಅವುಗಳ ಜೊತೆಗೆ ಗುಂಡಗಿನ ಇಂಗಾಲದ ಸೂಕ್ಷ್ಮಕಣಗಳೂ ಇದ್ದವು. ಈ ಕಣಗಳು ಕಾರ್ಖಾನೆಗಳ ಕುಲುಮೆಗಳಲ್ಲಿ ಕಲ್ಲಿದ್ದಲು ಅಥವಾ ಎಣ್ಣೆ ಅತ್ಯುಷ್ಣದಲ್ಲಿ ಉರಿದಾಗ ಮಾತ್ರ ಹುಟ್ಟುವಂಥವು. ಸೌದೆಯ ಬೆಂಕಿಯಿಂದಾಗಲಿ ಕಾಡ್ಗಿಚ್ಚಿನಿಂದಾಗಲಿ ಹುಟ್ಟುವುದಿಲ್ಲ. ಜನವಸತಿಯೇ ಇಲ್ಲದ ಬೆಟ್ಟದ ಸರೋವರದ ತಳದಲ್ಲಿ ಕಾರ್ಖಾನೆಯ ಕಣ ಸಿಕ್ಕಮೇಲೆ, ಹೊಗೆ ಅಲ್ಲಿಗೆ ತಲಪಿಲ್ಲವೆಂದು ಹೇಳುವುದು ಕಷ್ಟವಾಯಿತು.

1985ರಲ್ಲಿ ಹೆಲ್ಸಿಂಕಿಯಲ್ಲಿ ಆದ, ಗಂಧಕದ ಹೊರಸೂಸುವಿಕೆಯನ್ನು ಶೇಕಡಾ 30ರಷ್ಟು ತಗ್ಗಿಸುವ ಒಪ್ಪಂದಕ್ಕೆ ಸಹಿ ಹಾಕದಿದ್ದ ಬ್ರಿಟನ್, 1994ರ ಓಸ್ಲೋ ಒಪ್ಪಂದಕ್ಕೆ ಸಹಿ ಹಾಕಿತು. ಈ ಬದಲಾವಣೆಗೆ ಅನೇಕ ಕಾರಣಗಳಿದ್ದರೂ ಹೂಳಿನ ಸಾಕ್ಷ್ಯದ ಪಾತ್ರ ಸಣ್ಣದಲ್ಲ. ಗಂಧಕ ತಗ್ಗಿದ ಮೇಲೆ ಈ ಸರೋವರ ನಿಧಾನವಾಗಿ ಚೇತರಿಸಿಕೊಳ್ಳುತ್ತಿರುವುದನ್ನು ಡಯಾಟಮ್‌ಗಳೇ ತೋರಿಸಿವೆ. ಆದರೆ ಚೇತರಿಕೆ ಭಾಗಶಃ ಮಾತ್ರ. ಯಾವ ಸ್ಥಿತಿಗೆ ಮರಳಬೇಕೆಂಬುದೂ ಹೂಳಿನಿಂದಲೇ ತಿಳಿದುದು ಎಂಬ ಅಂಶವನ್ನು ಮರೆಯುವಂತಿಲ್ಲ.

4. ಸೀಸದ ಎರಡು ಸಾವಿರ ವರ್ಷಗಳು

ಮಾಲಿನ್ಯವೆಂಬುದು ಕೈಗಾರಿಕಾ ಕ್ರಾಂತಿಯ ಕೂಸು ಎಂಬ ನಂಬಿಕೆಯನ್ನೂ ಹೂಳು ತಿದ್ದಿದೆ. ಸ್ವೀಡನ್ನಿನ ಇಂಗೆಮಾರ್ ರೆನ್‌ಬರ್ಗ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಸರೋವರಗಳಲ್ಲಿ ಸೀಸದ ಮಾಲಿನ್ಯ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಆರಂಭವಾಗಿತ್ತು. ಗ್ರೀಕ್ ಮತ್ತು ರೋಮನ್ ನಾಗರಿಕತೆಗಳು ಬೆಳ್ಳಿಗಾಗಿ ಸೀಸದ ಅದಿರನ್ನು ಕುಲುಮೆಗಳಲ್ಲಿ ಕರಗಿಸಿದಾಗ ಎದ್ದ ಹೊಗೆ ದೂರದ ಉತ್ತರಕ್ಕೂ ತಲಪಿತ್ತು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಒಂದು ಏರು, ರೋಮ್ ಪತನದ ಬಳಿಕ ಇಳಿತ, ಸುಮಾರು 1000ದಿಂದ ಮತ್ತೆ ಏರು, 1970ರ ದಶಕದಲ್ಲಿ ಶಿಖರ, ಆಮೇಲೆ ಕಡಿದಾದ ಇಳಿತ: ಇದು ಸೀಸದ ರೇಖೆಯ ಸ್ವರೂಪ. ಕೊನೆಯ ಶಿಖರಕ್ಕೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಮುಖ್ಯ ಕಾರಣಗಳಲ್ಲೊಂದು. ನಮ್ಮ ದೇಶದಲ್ಲಿ 1995ರಲ್ಲಿ ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಲ್ಲಿ ಸೀಸರಹಿತ ಪೆಟ್ರೋಲ್ ಬಳಕೆಗೆ ಬಂದಿತು. 2000ದ ಫೆಬ್ರುವರಿಯಿಂದ ಅದು ದೇಶವ್ಯಾಪಿಯಾಯಿತು. ಸೀಸದ ಪೆಟ್ರೋಲನ್ನು ಎಲ್ಲರಿಗಿಂತ ಕೊನೆಗೆ ಕೈಬಿಟ್ಟ ದೇಶ ಆಲ್ಜೀರಿಯ. ಅದು ನಡೆದುದು 2021ರಲ್ಲಿ. ಪುರಾತನ ಕಾಲದ ಗಣಿಗಾರಿಕೆಯ ಏರಿಳಿತವೂ, ಆಧುನಿಕ ಕಾಲದ ಒಂದು ಕಾನೂನಿನ ಪರಿಣಾಮವೂ ಒಂದೇ ಮಣ್ಣಿನ ಕಂಬದಲ್ಲಿ ದಾಖಲಾಗಿರುವುದು ಸೋಜಿಗದ ಸಂಗತಿ.

ಮನುಷ್ಯನ ಪ್ರಭಾವವನ್ನು ಒಂದು ಭೂವೈಜ್ಞಾನಿಕ ಯುಗವೆಂದೇ ಗುರುತಿಸಬೇಕೆಂಬ ವಾದವೂ ಇಂಥ ಸಾಕ್ಷ್ಯಗಳಿಂದ ಬಲಗೊಂಡಿತು. ಮೇಲೆ ಹೇಳಿದ ಕ್ರಾಫರ್ಡ್ ಸರೋವರದ ಹೂಳನ್ನು ಅಂಥ 'ಮಾನವಯುಗ'ದ ಆರಂಭದ ಮಾನದಂಡವಾಗಿ 2023ರ ಜುಲೈಯಲ್ಲಿ ಸೂಚಿಸಲಾಯಿತು. 1950ರ ಸುಮಾರಿನ ಪದರದಲ್ಲಿ ಕಾಣಿಸಿಕೊಳ್ಳುವ ಪ್ಲುಟೋನಿಯಂ ಅದರ ಮುಖ್ಯ ಗುರುತು. 2024ರ ಮಾರ್ಚ್‌ನಲ್ಲಿ ಭೂವಿಜ್ಞಾನಿಗಳ ಅಧಿಕೃತ ಸಮಿತಿ ಈ ಸೂಚನೆಯನ್ನು ತಿರಸ್ಕರಿಸಿತು. ತಿರಸ್ಕೃತವಾದುದು ಯುಗದ ಹೆಸರು ಮತ್ತು ಗಡಿ. ಹೂಳಿನಲ್ಲಿ ಕಂಡ ಬದಲಾವಣೆಯನ್ನು ಯಾರೂ ಅಲ್ಲಗಳೆದಿಲ್ಲ.

5. ಭಾರತದ ಸರೋವರಗಳಿಂದ

ರಾಜಸ್ಥಾನದ ಸಾಂಭರ್, ದೀದ್ವಾನಾ, ಲೂಣ್‌ಕರಣ್‌ಸರ್ ಎಂಬ ಉಪ್ಪು ಸರೋವರಗಳ ಪರಾಗವನ್ನು ಪರಿಶೀಲಿಸಿ ಗುರುದೀಪ್ ಸಿಂಗ್ 1971ರಲ್ಲಿ ಮಂಡಿಸಿದ ವಾದ ಇತಿಹಾಸಕಾರರ ಗಮನ ಸೆಳೆಯಿತು. ಮಳೆ ಹೆಚ್ಚಿದ್ದ ಕಾಲದಲ್ಲಿ ಸಿಂಧೂ ನಾಗರಿಕತೆ ಏಳಿಗೆಗೆ ಬಂದು, ಶುಷ್ಕತೆ ಆವರಿಸಿದಾಗ ಕುಸಿಯಿತೆಂಬುದು ಅದರ ಸಾರ. ಆದರೆ 1999ರಲ್ಲಿ ಲೂಣ್‌ಕರಣ್‌ಸರ್ ಪದರಗಳ ಕಾಲವನ್ನು ಹೆಚ್ಚು ನಿಖರವಾಗಿ ನಿರ್ಣಯಿಸಿದಾಗ, ಆ ಸರೋವರ ನಗರಗಳ ಉಚ್ಛ್ರಾಯಕ್ಕೆ ಬಹಳ ಮೊದಲೇ ಬತ್ತಿದ್ದುದು ತಿಳಿದುಬಂದಿತು. 2014ರಲ್ಲಿ ಹರಿಯಾಣದ ಕೋಟ್ಲಾ ದಹರ್ ಎಂಬ ಪ್ರಾಚೀನ ಸರೋವರದ ಬಸವನಹುಳುಗಳ ಚಿಪ್ಪಿನಲ್ಲಿರುವ ಆಮ್ಲಜನಕದ ಸಮಸ್ಥಾನಿಗಳನ್ನು ಅಳೆದವರು, ಸುಮಾರು 4100 ವರ್ಷಗಳ ಹಿಂದೆ ಮುಂಗಾರು ದುರ್ಬಲವಾಯಿತೆಂದು ತೋರಿಸಿದರು. ಈ ಕಾಲ ನಗರಗಳ ಅವನತಿಗೆ ಸಮೀಪವಾದುದು. ಒಂದೇ ಹಸ್ತಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಬಾರದೆಂಬ ಸಂಪಾದನಾ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಒಂದು ಸರೋವರ ಹೇಳುವುದು ತನ್ನ ಸುತ್ತಣ ಪ್ರದೇಶದ ಕಥೆಯನ್ನು. ಅದನ್ನು ಒಂದು ನಾಗರಿಕತೆಯ ಕಥೆಯಾಗಿ ಹಿಗ್ಗಿಸುವಾಗ ಎಚ್ಚರ ಬೇಕು.

ಇತ್ತೀಚಿನ ಮಾಲಿನ್ಯಕ್ಕೆ ತಮಿಳುನಾಡಿನ ಕೊಡೈಕನಾಲ್ ಸರೋವರ ನಿದರ್ಶನ. 1863ರಲ್ಲಿ ಕಟ್ಟಲಾದ ಈ ಸರೋವರ ಪ್ರವಾಸಿಗರಿಗೆ ಪ್ರಿಯವಾದುದು. ಪಟ್ಟಣದಲ್ಲಿದ್ದ ಉಷ್ಣಮಾಪಕಗಳ ಕಾರ್ಖಾನೆಯೊಂದು, ಪಾದರಸದ ತ್ಯಾಜ್ಯದ ಬಗೆಗೆ ಜನರು ದನಿಯೆತ್ತಿದ ಮೇಲೆ, 2001ರಲ್ಲಿ ಮುಚ್ಚಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹೈದರಾಬಾದ್ ಘಟಕದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ಬೇರಿಜಂ ಮತ್ತು ಕುಕ್ಕಾಲ್ ಸರೋವರಗಳಿಗಿಂತ ಕೊಡೈಕನಾಲ್ ಸರೋವರದ ಹೂಳಿನಲ್ಲಿ ಪಾದರಸ ಹೆಚ್ಚಾಗಿತ್ತು. ಅದರ ಒಂದಂಶ ಮೀನಿನ ಮೂಲಕ ಮನುಷ್ಯನ ದೇಹವನ್ನು ಸೇರಬಲ್ಲ ಮೀಥೈಲ್ ಪಾದರಸದ ರೂಪದಲ್ಲಿತ್ತು. ಕಾರ್ಖಾನೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಅದರ ಲೆಕ್ಕ ಮುಗಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

6. ನಮ್ಮ ಕೆರೆಗಳು ಮತ್ತು ನಮ್ಮ ಹೊಣೆ

ಈ ವಿಧಾನಗಳನ್ನು ಕರ್ನಾಟಕದ ಕೆರೆಗಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ನಮ್ಮ ಹೆಚ್ಚಿನ ಕೆರೆಗಳು ಆಳವಿಲ್ಲದವು. ಬೇಸಗೆಯಲ್ಲಿ ಬತ್ತುತ್ತವೆ, ತಳ ಬಿರುಕು ಬಿಡುತ್ತದೆ, ದನಕರುಗಳು ತುಳಿಯುತ್ತವೆ, ಹೂಳನ್ನು ಕಾಲಕಾಲಕ್ಕೆ ಎತ್ತಲಾಗಿರುತ್ತದೆ. ಹೀಗೆ ಪುಟಗಳು ಹರಿದು, ಹಿಂದುಮುಂದಾದ ಹಸ್ತಪ್ರತಿಯ ಸ್ಥಿತಿ ಇವುಗಳದು. ಕೆಲವು ಧಾತುಗಳು ಪದರದಿಂದ ಪದರಕ್ಕೆ ಜಾರುವುದೂ ಉಂಟು. ಕಬ್ಬಿಣ, ಮ್ಯಾಂಗನೀಸ್, ರಂಜಕಗಳು ಈ ವಿಷಯದಲ್ಲಿ ನಂಬಲರ್ಹವಲ್ಲದ ಸಾಕ್ಷಿಗಳು. ಆದರೂ ಹೂಳು ಎತ್ತದೆ ಉಳಿದಿರುವ ಆಳದ ಭಾಗಗಳಲ್ಲಿ ಓದಬಹುದಾದ ಪುಟಗಳು ಇದ್ದೇ ಇರುತ್ತವೆ. ಹೊರನಾಡ ಕನ್ನಡಿಗರ ನೆರೆಯಲ್ಲಿರುವ ಜಲಾಶಯಗಳಿಗೂ ಈ ಮಾತು ಸಲ್ಲುತ್ತದೆ. 16ನೆಯ ಶತಮಾನದ ಹೈದರಾಬಾದಿನ ಹುಸೇನ್ ಸಾಗರ, 1891ರ ಮುಂಬಯಿಯ ಪವಾಯಿ ಕೆರೆಗಳು ತಮ್ಮ ಸುತ್ತ ನಗರ ಬೆಳೆದುದನ್ನು ಕಂಡಿವೆ; ಆ ಬೆಳವಣಿಗೆಯ ಕೊಳೆಯೂ ಅವುಗಳ ತಳವನ್ನು ಸೇರಿದೆ.

ಇಲ್ಲಿ ಒಂದು ಪ್ರಾಯೋಗಿಕ ಪ್ರಶ್ನೆ ಎದುರಾಗುತ್ತದೆ. ಕೆರೆಯ ಗೋಡು ಹೊಲಕ್ಕೆ ಗೊಬ್ಬರವೆಂಬುದು ನಮ್ಮ ರೈತರ ಹಳೆಯ ಅನುಭವ. ಆ ಅನುಭವ ಹುಟ್ಟಿದುದು ಕೆರೆಗೆ ಹೊಲದ ಮಣ್ಣು, ಎಲೆ, ಸೆಗಣಿಗಳು ಮಾತ್ರ ಬರುತ್ತಿದ್ದ ಕಾಲದಲ್ಲಿ. 2015, 2017 ಮತ್ತು 2018ರಲ್ಲಿ ಬೆಂಕಿ ಹತ್ತಿಕೊಂಡು ಸುದ್ದಿಯಾದ ಬೆಂಗಳೂರಿನ ಬೆಳ್ಳಂದೂರು ಕೆರೆಯಂಥ ಜಲಾಶಯಕ್ಕೆ ಬರುತ್ತಿದ್ದುದು ನಗರದ ಕೊಳಚೆ. ಅಂಥ ಕೆರೆಯ ಹೂಳನ್ನು ಹಳೆಯ ವಾಡಿಕೆಯ ಬಲದಿಂದಲೇ ಹೊಲಕ್ಕೆ ಸಾಗಿಸಿದರೆ, ಕೆರೆಯ ತಳದಲ್ಲಿ ಅಡಗಿದ್ದ ಲೋಹಗಳು ಬೆಳೆಯ ಬುಡಕ್ಕೆ ಬಂದು ಸೇರುವ ಅಪಾಯವಿದೆ. ಪರೀಕ್ಷಿಸದೆ ಹೂಳನ್ನು ಬಳಸುವುದು ಪರಂಪರೆಯನ್ನು ಪಾಲಿಸಿದಂತಾಗುವುದಿಲ್ಲ. ಪರಂಪರೆಯ ಹಿಂದಿದ್ದ ವಿವೇಕವನ್ನು ಮರೆತಂತಾಗುತ್ತದೆ.

ಹೂಳೆತ್ತುವುದು ಬೇಡವೆಂದು ಯಾರೂ ಹೇಳಲಾರರು. ನೀರು ನಿಲ್ಲಬೇಕಾದರೆ ಹೂಳು ಹೋಗಲೇಬೇಕು. ಆದರೆ ಯಂತ್ರಗಳು ಇಳಿಯುವ ಮೊದಲು ಕೆರೆಯ ಆಳವಾದ ಭಾಗದಿಂದ ಒಂದೆರಡು ಮಣ್ಣಿನ ಕಂಬಗಳನ್ನು ತೆಗೆದು, ಊರು, ತೇದಿ, ಆಳಗಳನ್ನು ಗುರುತಿಸಿ, ಸಮೀಪದ ವಿಶ್ವವಿದ್ಯಾನಿಲಯದಲ್ಲಿ ಕಾದಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅದೇ ಕೆರೆಯ ಏರಿಯ ಮೇಲೋ ತೂಬಿನ ಬಳಿಯೋ ಇರುವ ಶಾಸನವನ್ನು ಓದುವ ಭಾಷಾ ವಿದ್ವಾಂಸನೂ, ತಳದ ಹೂಳನ್ನು ಓದುವ ವಿಜ್ಞಾನಿಯೂ ಒಂದೆಡೆ ಕೂಡಿದರೆ, ಕೆರೆಯನ್ನು ಕಟ್ಟಿಸಿದ ವರ್ಷವನ್ನು ಕಲ್ಲಿನಿಂದಲೂ ಅದರ ಸುತ್ತ ಕಾಡು ಹೊಲವಾಗಿ, ಹೊಲ ಪೇಟೆಯಾದುದನ್ನು ಮಣ್ಣಿನಿಂದಲೂ ಅರಿಯಬಹುದು. ಕಲ್ಲಿನ ಮೇಲೆ ಬರೆಯಿಸಿದವರು ತಾವು ಹೇಳಬೇಕೆಂದುಕೊಂಡದ್ದನ್ನು ಮಾತ್ರ ಬರೆಯಿಸಿದರು. ಹೂಳಿನಲ್ಲಿ ನಾವು ಬೇಡವೆಂದು ಎಸೆದುದೂ ಉಳಿದಿದೆ. ನಾಡಿನ ಚರಿತ್ರೆ ಪೂರ್ಣವಾಗಬೇಕಾದರೆ ಎರಡನ್ನೂ ಓದಬೇಕಾಗುತ್ತದೆ.